ಜಹೀರಾಬಾದ್ ಸೀಮೆಯ ಜೋಳದ ಲೆಕ್ಕ

ಬೀದರಿನಿಂದ ಜಹೀರಾಬಾದಿಗೆ ಹೋಗುವಾಗ ರಾಜ್ಯದ ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿಗಳ ಬೋರ್ಡುಗಳಿಂದ ಮಾತ್ರ. ಕೆಂಪು ಜಂಬಿಟ್ಟಿಗೆ ನೆಲ, ನಡುನಡುವೆ ಎರೆಹೊಲ, ಬದುವಿನ ಮೇಲೆ ಬೇವು, ಜಾಲಿ, ಎಲ್ಲವೂ ಎರಡೂ ಕಡೆ ಒಂದೇ. 1956ರಲ್ಲಿ ಭಾಷಾವಾರು ರಾಜ್ಯಗಳಾಗುವ ತನಕ ಜಹೀರಾಬಾದ್ ಬೀದರ್ ಜಿಲ್ಲೆಯದೇ ತಾಲ್ಲೂಕಾಗಿತ್ತು. ಈಗದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ನಡೆದುಕೊಳ್ಳಲು ಬೀದರ್, ಕಲಬುರಗಿ ಕಡೆಯ ಜನ ಈಗಲೂ ಬರುತ್ತಾರೆ. ಹೆಣ್ಣು ಕೊಟ್ಟು ತರುವ ನಂಟು ಕೂಡ ಉಳಿದಿದೆ. ಹಾಗಾಗಿ ತೆಲುಗು ಬಾರದವರಿಗೂ ಇಲ್ಲಿ ಮಾತಿಗೆ ಬರವಿಲ್ಲ. ಯಾವುದಾದರೂ ಮನೆಯ ಸೊಸೆಯೋ ಅಜ್ಜಿಯೋ ಕನ್ನಡ ಆಡುತ್ತಾರೆ.

ಪೇಟೆಗೆ ಅಂಟಿಕೊಂಡಂತೆ ಇರುವ ಊರು ಪಸ್ತಾಪುರ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ, ಎಲ್ಲರ ಬಾಯಲ್ಲಿ ಡಿಡಿಎಸ್, ತನ್ನ ಕೆಲಸ ನಡೆಸುತ್ತ ಬಂದಿರುವುದು ಇಲ್ಲಿಂದಲೇ. 1983ರಲ್ಲಿ ಇದನ್ನು ಕಟ್ಟಿದ ಗೆಳೆಯರಲ್ಲಿ ಮುಖ್ಯರಾದವರು ಪಿ.ವಿ. ಸತೀಶ್. ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು, ಹೆಸರಿನ ಮೊದಲಕ್ಷರದಲ್ಲಿ ಪಿರಿಯಾಪಟ್ಟಣವನ್ನು ಇಟ್ಟುಕೊಂಡವರು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದರು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ 1975ರ ‘ಸೈಟ್’ ಪ್ರಯೋಗದಲ್ಲೂ ದುಡಿದಿದ್ದರು. ಕೊನೆಯ ತನಕ ಈ ಸೀಮೆಯನ್ನು ಬಿಡದ ಅವರು 2023ರ ಮಾರ್ಚಿನಲ್ಲಿ ತೀರಿಕೊಂಡರು. ಆದರೆ ನಾನು ಇಲ್ಲಿಗೆ ಬಂದದ್ದು ಅವರೊಂದಿಗೆ ಕೂತು ಯೋಜನೆ ಕಟ್ಟಿದ, ಹೆಚ್ಚಿನವರು ದಲಿತರೇ ಆದ, ಡಿಡಿಎಸ್‌ನ ಹಳ್ಳಿ ಸಂಘಗಳ ಹೆಣ್ಣುಮಕ್ಕಳ ಕೆಲಸ ನೋಡಲು. ಒಂದು ಸೀಮೆಯ ಅನ್ನದ ಯೋಜನೆಯನ್ನು ಹೇಗೆ ಹಾಕಬೇಕು, ಅದು ಫಲಿಸಿತೋ ಇಲ್ಲವೋ ಎಂದು ಯಾರು ಹೇಳಬೇಕು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಇಷ್ಟು ನೇರವಾದ ಉತ್ತರ ಕೊಟ್ಟವರು ಕಡಿಮೆ.

ಡಿಡಿಎಸ್ ಹುಟ್ಟಿದ ವರ್ಷವೇ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ತಂದಿತು. ಹಸಿದವರಿಗೆ ಅದು ದೊಡ್ಡ ಆಸರೆಯೇ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಆ ಅಕ್ಕಿ ಬಂದದ್ದು ಕಾಲುವೆ ನೀರಿನ ಕೃಷ್ಣಾ–ಗೋದಾವರಿ ಬಯಲಿನಂಥ ಕಡೆಗಳಿಂದ. ಮಳೆಯನ್ನೇ ನಂಬಿದ ಈ ಕೆಂಪು ನೆಲದಲ್ಲಿ ಜೋಳ, ಸಾಮೆ, ನವಣೆ ಬೆಳೆಯುತ್ತಿದ್ದವರಿಗೆ ಬೆಳೆಯುವುದಕ್ಕಿಂತ ಕೊಳ್ಳುವುದೇ ಅಗ್ಗವಾಯಿತು. ಸರ್ಕಾರದಿಂದ ಬಡವರಿಗೆ ಸಿಕ್ಕಿದ್ದ ತುಂಡು ಜಮೀನುಗಳು ಕಲ್ಲುಮುಳ್ಳಿನವು. ಅವನ್ನು ಹಸನು ಮಾಡಲು ಎತ್ತಿಲ್ಲ, ಗೊಬ್ಬರವಿಲ್ಲ, ಕೈಯಲ್ಲಿ ಕಾಸಿಲ್ಲ. ಹೊಲ ಬೀಳುಬಿತ್ತು. ಹೊಲ ಬಿದ್ದ ಮೇಲೆ ಕೂಲಿ ಹೋಯಿತು, ಮೇವು ಹೋಯಿತು, ಮೇವಿನ ಹಿಂದೆ ದನ, ದನದ ಹಿಂದೆ ಗೊಬ್ಬರ. ಪಡಿತರದ ಅಕ್ಕಿ ತಿಂಗಳಿಡೀ ಸಾಲುತ್ತಿರಲಿಲ್ಲ. ಮಳೆಗಾಲದಲ್ಲಂತೂ ಹಿಂದಿನ ಕಾಳು ಮುಗಿದು ಹೊಸದು ಬರುವ ತನಕ ಒಲೆ ಹೊತ್ತುವುದೇ ಕಷ್ಟ.

ಸಂಘದ ಹೆಂಗಸರು ಹಾಕಿದ ಪ್ರಶ್ನೆ ಸರಳವಾಗಿತ್ತು. ಪಡಿತರ ಎಲ್ಲಿಂದಲೋ ಬರುವ ಬದಲು ನಮ್ಮೂರಲ್ಲೇ ಬೆಳೆದು ನಮ್ಮೂರಲ್ಲೇ ಹಂಚಿದರೆ ಆಗದೇ? ತೊಂಬತ್ತರ ದಶಕದ ನಡುವಿನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಹಣ ಸಿಕ್ಕಿತು. 32 ಹಳ್ಳಿಗಳಲ್ಲಿ 2,675 ಎಕರೆ ಬೀಳುಭೂಮಿ ಉಳುಮೆಗೆ ಬಂತು. ಪರ್ಯಾಯ ಪಡಿತರ ವ್ಯವಸ್ಥೆ ಎಂದು ಅದು ಹೆಸರಾಯಿತು.

ಅದರ ಕ್ರಮವನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಸತ್ವ ಇರುವುದು ಅದರಲ್ಲೇ. ಹೊಲ ಬೀಳುಬಿಟ್ಟ ರೈತನಿಗೆ ಉಳುಮೆ, ಗೊಬ್ಬರ, ಬಿತ್ತನೆ, ಕಳೆಯ ಖರ್ಚಿಗೆ ಸಂಘದಿಂದ ಕಂತು ಕಂತಾಗಿ ಸಾಲ. ಪೂರ್ತಿ ಹಣವನ್ನು ಒಂದೇ ಸಲ ಕೈಗಿಡುತ್ತಿರಲಿಲ್ಲ. ಊರಿನ ಹೆಂಗಸರ ಸಮಿತಿಯಲ್ಲಿ ಒಬ್ಬೊಬ್ಬರು ಇಷ್ಟಿಷ್ಟು ಎಕರೆ ಎಂದು ಹಂಚಿಕೊಂಡು, ಹೊಲಕ್ಕೆ ಹೋಗಿ ಕೆಲಸ ಆಗಿದೆಯೇ ಎಂದು ನೋಡುತ್ತಿದ್ದರು. ಸಾಲ ತೀರಿಸುವುದು ದುಡ್ಡಿನಲ್ಲಲ್ಲ, ಜೋಳದಲ್ಲಿ, ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ. ಹಾಗೆ ಬಂದ ಜೋಳ ಊರಿನಲ್ಲೇ ದಾಸ್ತಾನಾಗುತ್ತಿತ್ತು. ಮಳೆಗಾಲ ಬಂದು ಕಾಳಿನ ಬೆಲೆ ಏರಿದಾಗ ಅದನ್ನೇ ಊರಿನ ಬಡವರಿಗೆ ಅಗ್ಗದ ಬೆಲೆಗೆ ಮಾರುತ್ತಿದ್ದರು. ಮಾರಿ ಬಂದ ಹಣ ಊರಿನ ಹೆಸರಿನಲ್ಲೇ ಜಮಾ ಆಗಿ, ಮುಂದೆ ಇನ್ನಷ್ಟು ಬೀಳು ಹೊಲ ಹಸನು ಮಾಡಲು ಒದಗುತ್ತಿತ್ತು.

ಹಾಗಾದರೆ ಬಡವರು ಯಾರು? ಸರ್ಕಾರದ ಪಟ್ಟಿ ಇದ್ದೇ ಇತ್ತು. ಇವರು ಅದನ್ನು ಹಿಡಿಯಲಿಲ್ಲ.

ನಮ್ಮ ಪಟ್ಟಿಯನ್ನು ನಾವೇ ಹೇಗೆ ಮಾಡಿದೆವು ಎಂದು ತೋರಿಸಿಕೊಡಲು ಅಜ್ಜಿಯೊಬ್ಬರು ನನ್ನನ್ನು ತಮ್ಮ ಮನೆಯ ಜಗಲಿಯಲ್ಲಿ ಕೂಡಿಸಿದರು. ತವರು ಔರಾದ್ ಕಡೆ, ಮದುವೆಯಾಗಿ ಈ ಕಡೆ ಬಂದವರು. ಸುಣ್ಣದ ಪುಡಿಯಲ್ಲಿ ಅಂಗಳದ ಮೇಲೆ ಓಣಿಗಳ ಗೆರೆ ಎಳೆದರು. ಇದು ಬಾವಿ, ಇದು ಗುಡಿ, ಇದು ಹರಿಜನವಾಡ. ಆಮೇಲೆ ಮನೆಗೊಂದರಂತೆ ಕಾಳು ಇಡುತ್ತ ಹೋದರು. ಪಕ್ಕದಲ್ಲಿದ್ದ ಇನ್ನಿಬ್ಬರು ಹೆಂಗಸರು ಸುಮ್ಮನೆ ಕೂಡಲಿಲ್ಲ. ಒಬ್ಬರು ಕಾಳನ್ನು ಒಂದು ಗುಂಪಿನಿಂದ ತೆಗೆದು ಇನ್ನೊಂದಕ್ಕೆ ಸರಿಸಿದರು. ಅಜ್ಜಿ ಮತ್ತೆ ಹಿಂದಕ್ಕೆ ಸರಿಸಿದರು. ಎರಡು ಎಕರೆ ಇದ್ದರೇನಾಯಿತು, ಅದು ಬರೀ ಕಲ್ಲು ಎಂಬ ವಾದ ಒಂದು ಕಡೆ. ಮಗ ಹೈದರಾಬಾದಿನಿಂದ ದುಡ್ಡು ಕಳಿಸುತ್ತಾನಲ್ಲ ಎಂಬ ವಾದ ಇನ್ನೊಂದು ಕಡೆ. ಹತ್ತು ನಿಮಿಷದಲ್ಲಿ ಅಂಗಳದ ಮೇಲೆ ಐದು ಗುಂಪುಗಳಾದವು.

“ತಮ್ಮಾ, ಯಾರ ಮನ್ಯಾಗ ಒಲಿ ಹೊತ್ತಿಲ್ಲ ಅಂಬೋದು ಓಣಿ ಮಂದಿಗಿ ಗೊತ್ತಿರ್ತದ. ಆಫೀಸಿನಾಗ ಕುಂತವರಿಗಿ ಹ್ಯಾಂಗ ಗೊತ್ತಾಗಬೇಕು?” ಎಂದರು.

ಆಗ ನಡೆದದ್ದೂ ಇದೇ. ಊರ ನಡುವೆ, ಎಲ್ಲರ ಕಣ್ಣೆದುರಿಗೆ ನಕ್ಷೆ ಬರೆದು ಮನೆಮನೆಯನ್ನೂ ಬಡತನದ ಐದು ಹಂತಗಳಲ್ಲಿ ಕೂರಿಸಿದರು. ಹೊಲ ಎಷ್ಟಿದೆ ಎಂಬುದೊಂದೇ ಅಲ್ಲ, ಎಂಥ ಹೊಲ ಎಂಬುದನ್ನೂ ನೋಡಿದರು. ದನಕರು ಇವೆಯೇ, ಮನೆಯ ಮಾಡು ನೆಟ್ಟಗಿದೆಯೇ, ಮಕ್ಕಳನ್ನು ಜೀತಕ್ಕೆ ಇಟ್ಟಿದ್ದಾರೆಯೇ, ದುಡಿಯುವ ಕೈ ಎಷ್ಟು, ಹೆಂಗಸೊಬ್ಬಳೇ ಸಂಸಾರ ತೂಗಿಸುತ್ತಿದ್ದಾಳೆಯೇ ಎಂಬಂಥ ಸಂಗತಿಗಳನ್ನೆಲ್ಲ ಎತ್ತಿ ಚರ್ಚಿಸಿದರು. ತೀರಾ ಬಡವರಿಗೆ ಹೆಚ್ಚು ಜೋಳ, ಸ್ವಲ್ಪ ಮೇಲಿನ ಹಂತದವರಿಗೆ ಸ್ವಲ್ಪ ಕಡಿಮೆ. ಬಡತನದ ರೇಖೆ ಎಂಬ ಒಂದೇ ಗೆರೆ ಎಳೆದು, ಒಳಗಿದ್ದವರಿಗೆ ಪೂರಾ, ಹೊರಗಿದ್ದವರಿಗೆ ಏನೂ ಇಲ್ಲ ಎಂದು ಮಾಡಲಿಲ್ಲ. ಎಲ್ಲರೆದುರು ಆದ ತೀರ್ಮಾನವಾದ್ದರಿಂದ ಉಳ್ಳವನು ಬಡವನೆಂದು ಸಾಧಿಸುವುದು ಕಷ್ಟವಾಗಿತ್ತು.

ಈ ಅಂಗಳದ ಲೆಕ್ಕಕ್ಕೆ ನಾನು ಕೊಡುವ ಬೆಲೆ ದೊಡ್ಡದು. ಆಹಾರ ಯೋಜನೆಗಳ ವರದಿಗಳಲ್ಲಿ ಎಷ್ಟು ಟನ್ ಎತ್ತುವಳಿ, ಎಷ್ಟು ಕಾರ್ಡು, ಎಷ್ಟು ಫಲಾನುಭವಿಗಳು ಎಂಬ ಅಂಕಿ ಇರುತ್ತದೆ. ಆಷಾಢದಲ್ಲಿ ಯಾರ ಮನೆಯಲ್ಲಿ ರೊಟ್ಟಿ ಬೆಂದಿತು ಎಂಬುದು ಇರುವುದಿಲ್ಲ. ಇಲ್ಲಿನವರು ಯೋಜನೆ ಹಾಕುವಾಗಲೇ ಹಸಿವಿನ ತಿಂಗಳುಗಳು ಯಾವುವು ಎಂದು ಗೊತ್ತುಮಾಡಿಕೊಂಡರು. ಜೋಳವನ್ನು ಆ ತಿಂಗಳುಗಳಿಗೇ ಕಾದಿಟ್ಟರು. ಹಾಗಾಗಿ ಯೋಜನೆ ಗೆದ್ದಿತೇ ಎಂದು ತಿಳಿಯಲು ಬೇರೆ ಸಮೀಕ್ಷೆಯೇ ಬೇಕಿರಲಿಲ್ಲ. ಮಳೆಗಾಲದಲ್ಲಿ ಸಾಲ ಮಾಡಿ ಕಾಳು ತಂದವರು ಎಷ್ಟು ಮನೆ, ಜೀತಕ್ಕೆ ಹುಡುಗನನ್ನು ಇಟ್ಟವರು ಎಷ್ಟು ಮನೆ ಎಂಬುದು ಊರಿಗೇ ಗೊತ್ತಿರುವ ವಿಷಯ. ಕಾಳಿನ ಜೊತೆಗೆ ಮೇವಿನ ಲೆಕ್ಕವನ್ನೂ ಕೂಲಿಯ ಲೆಕ್ಕವನ್ನೂ ಅವರು ಹಿಡಿದರು. ದಂಟು ಬಂದರೆ ದನ ಉಳಿಯುತ್ತದೆ, ದನ ಉಳಿದರೆ ಹೊಲಕ್ಕೆ ಗೊಬ್ಬರ. ಬರೀ ಕಾಳು ತೂಗಿ ಎದ್ದುಹೋಗುವವರ ಲೆಕ್ಕದಲ್ಲಿ ಇದು ಸೇರುವುದೇ ಇಲ್ಲ.

ಅಜ್ಜಿಯ ಮನೆಯ ಒಳಕೋಣೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಗೋಡೆಗುಂಟ ಬುಟ್ಟಿಗಳು ಕಂಡವು. ಸಗಣಿ, ಮಣ್ಣು ಮೆತ್ತಿ ಒಣಗಿಸಿದ ಬುಟ್ಟಿ, ಬಾಯಿಗೂ ಅದೇ ಮೆತ್ತಿದ ಮುಚ್ಚಳ. ಒಂದನ್ನು ಒಡೆದು ಕೈ ಹಾಕಿ ತೆಗೆದರು. ಬೂದಿ ಬೆರೆಸಿದ ತೊಗರಿ ಬೀಜ, ನಡುವೆ ಮುರುಟಿದ ಬೇವಿನ ಎಲೆ. ಬೂದಿಯನ್ನು ಊದಿ ಅಂಗೈಯಲ್ಲಿ ಹರಡಿದಾಗ ಕಂದು, ಬಿಳಿ, ಚುಕ್ಕಿ ಚುಕ್ಕಿಯ ಕಾಳುಗಳು ಬೇರೆಬೇರೆಯಾಗಿ ಕಂಡವು. ಇನ್ನೊಂದರಲ್ಲಿ ಸಾಮೆ, ಮತ್ತೊಂದರಲ್ಲಿ ನವಣೆ, ಹುರುಳಿ, ಅಲಸಂದೆ, ಗುರೆಳ್ಳು. ಬೀಜ ಇಲ್ಲಿ ಮಾರುವ ಸರಕಲ್ಲ. ಬೇಕಾದವರು ಒಯ್ಯುತ್ತಾರೆ, ಸುಗ್ಗಿಯ ಮೇಲೆ ಒಯ್ದದ್ದಕ್ಕಿಂತ ಹೆಚ್ಚಾಗಿ ತಂದು ಅಳೆದು ಕೊಡುತ್ತಾರೆ. ಹಳ್ಳಿಹಳ್ಳಿಯ ಸಂಘದಲ್ಲೂ ಇಂಥ ಬೀಜದ ದಾಸ್ತಾನು ಉಂಟು. ಆಹಾರ ಯೋಜನೆ ಎಂದರೆ ನಮಗೆ ಗೋದಾಮು, ಲಾರಿ, ಅಂಗಡಿ ನೆನಪಾಗುತ್ತವೆ. ಬೀಜ ಯಾರ ಕೈಯಲ್ಲಿದೆ ಎಂಬಲ್ಲಿಂದ ಯೋಜನೆ ಶುರುವಾಗಬೇಕೆಂದು ಇವರು ಹಿಡಿದ ಹಟ ಸರಿಯಾದದ್ದು.

ಊರಾಚೆ ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆ ಹಿಡಿದಿತ್ತು. ಅದರ ಜೊತೆ ಅಕ್ಕಡಿಯಾಗಿ ಕುಸುಬೆ, ಕಡಲೆ, ಅಗಸೆ. ಬಾವಿಯಿಲ್ಲ, ಬೋರಿಲ್ಲ. ನೆಲದ ಹಸಿ, ಮೇಲಿನ ಇಬ್ಬನಿ ಇಷ್ಟರಲ್ಲೇ ಬೆಳೆಯುವ ಈ ಬೆಳೆಗಳನ್ನು ಇಲ್ಲಿನವರು ‘ಸತ್ಯಂ ಪಂಟಲು’ ಎಂದು ಕರೆಯುತ್ತಾರೆ. ಅಂಚಿನ ಸಾಲಿಗೆ ಕುಸುಬೆ ಹಾಕಿದ್ದು ದನ ನುಗ್ಗದಿರಲೆಂದು, ಅದರ ಮುಳ್ಳೇ ಬೇಲಿ. ಕಳೆಯೆಂದು ನಾವು ಕಿತ್ತೆಸೆಯುವ ಸೊಪ್ಪುಗಳಲ್ಲಿ ಎಷ್ಟೋ ಇಲ್ಲಿ ಪಲ್ಯದ ಪಾತ್ರೆಗೆ ಹೋಗುತ್ತವೆ. ಬಿತ್ತದೆ ಸಿಗುವ ಆ ಸೊಪ್ಪು ಕೂಡ ತಮ್ಮ ಊಟದ ಲೆಕ್ಕದಲ್ಲಿ ಬರಬೇಕೆಂದು ಈ ಹೆಂಗಸರು ಹೇಳುತ್ತ ಬಂದಿದ್ದಾರೆ. ಕಳೆನಾಶಕ ಹೊಡೆದ ಹೊಲದಲ್ಲಿ ಇಳುವರಿ ಹೆಚ್ಚಾಯಿತೆಂದು ಬರೆಯುವವರು ಅದೇ ಹೊಲದಿಂದ ಮಾಯವಾದ ಪಲ್ಯವನ್ನು ಎಲ್ಲಿ ಬರೆಯುತ್ತಾರೆ?

ಸಾವಯವ ಎಂಬ ಪ್ರಮಾಣಪತ್ರದ ವಿಷಯದಲ್ಲೂ ಇವರದು ಇದೇ ದಾರಿ. ಹೊರಗಿನ ಕಂಪನಿಯ ತಪಾಸಣೆಗಾರ ಬಂದು, ದುಬಾರಿ ಶುಲ್ಕ ತೆಗೆದುಕೊಂಡು ಕಾಗದ ಕೊಡುವ ಕ್ರಮ ಒಂದೆರಡು ಎಕರೆಯವರ ಕೈಗೆಟುಕದು. ಅದರ ಬದಲು ಪಾಲ್ಗೊಳ್ಳುವಿಕೆಯ ಖಾತರಿ ಪದ್ಧತಿ ಎಂಬುದೊಂದಿದೆ, ಪಿಜಿಎಸ್ ಎಂದು ಕರೆಯುತ್ತಾರೆ. ಅಕ್ಕಪಕ್ಕದ ರೈತರೇ ಗುಂಪಾಗಿ ಒಬ್ಬರ ಹೊಲವನ್ನೊಬ್ಬರು ನೋಡಿ ಒಪ್ಪುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಪಕ್ಕದ ಹೊಲದವಳಿಗೆ ಗೊತ್ತಾಗದ ಹಾಗೆ ಯೂರಿಯಾ ಚೀಲ ತರುವುದು ಹಳ್ಳಿಯಲ್ಲಿ ಆಗುವ ಮಾತಲ್ಲ.

ಇಲ್ಲಿಗೆ ಹತ್ತಿರದ ಆಲ್ಗೋಲಿನಲ್ಲಿ 2001ರ ಜೂನ್ ಕೊನೆಯಲ್ಲಿ ನಡೆದ ಸಂಗತಿಯನ್ನು ಯೋಜನೆ ಹಾಕುವವರೆಲ್ಲ ಓದಬೇಕು. ಆಗ ಆಂಧ್ರಪ್ರದೇಶ ಸರ್ಕಾರ ‘ವಿಷನ್ 2020’ ಎಂಬ ದೊಡ್ಡ ನೀಲನಕ್ಷೆ ಹಿಡಿದು ಹೊರಟಿತ್ತು. ಮೆಕಿನ್ಸೆ ಎಂಬ ಸಲಹಾ ಸಂಸ್ಥೆಯ ನೆರವಿನಿಂದ ತಯಾರಾದ ಕಾಗದ ಅದು. ಬೇಸಾಯವನ್ನೇ ನೆಚ್ಚಿದವರ ಪ್ರಮಾಣವನ್ನು ನೂರಕ್ಕೆ 70ರಿಂದ 40ಕ್ಕೆ ಇಳಿಸುವ ಮಾತು ಅದರಲ್ಲಿತ್ತು. ಯಂತ್ರ, ಗುತ್ತಿಗೆ ಬೇಸಾಯ, ಕುಲಾಂತರಿ ಬೀಜಗಳ ಕಡೆಗೆ ಅದರ ಒಲವು. ಅದರಿಂದ ಹೊಲ ಬಿಡಬೇಕಾದವರನ್ನು ಯಾರೂ ಕೇಳಿರಲಿಲ್ಲ. ಹಾಗಾಗಿ ‘ಪ್ರಜಾತೀರ್ಪು’ ಎಂಬ ಹೆಸರಿನಲ್ಲಿ ಸಣ್ಣ, ಅತಿಸಣ್ಣ ರೈತರ ನ್ಯಾಯಮಂಡಳಿ ಕೂಡಿತು. ಅದರಲ್ಲಿ ಹೆಚ್ಚಿನವರು ಹೆಂಗಸರು, ದಲಿತ–ಆದಿವಾಸಿಗಳು. ನಡಾವಳಿ ನ್ಯಾಯವಾಗಿ ನಡೆಯಿತೇ ಎಂದು ನೋಡಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಮುಂದಾಳುತನದ ಸಮಿತಿ ಇತ್ತು. ಮಂಡಳಿಯ ಮುಂದೆ ಮೂರು ದಾರಿಗಳನ್ನು ಇಟ್ಟರು. ಒಂದು ವಿಷನ್ 2020, ಇನ್ನೊಂದು ರಫ್ತಿಗಾಗಿ ಸಾವಯವ ಬೇಸಾಯ, ಮೂರನೆಯದು ಊರುಗಳು ತಮ್ಮ ಕಾಲ ಮೇಲೆ ನಿಲ್ಲುವ ಸ್ಥಳೀಯ ಆಹಾರ ವ್ಯವಸ್ಥೆ. ಅಧಿಕಾರಿಗಳು, ವಿಜ್ಞಾನಿಗಳು, ಕಂಪನಿಯವರು ಸಾಕ್ಷಿ ಹೇಳಿದರು. ಜನ ಪ್ರಶ್ನೆ ಕೇಳಿದರು. ಯಾವುದೋ ಒಂದು ದಾರಿಗೆ ಕಣ್ಣುಮುಚ್ಚಿ ಒತ್ತಿ ಏಳಲಿಲ್ಲ, ತಮಗೆ ಬೇಕಾದದ್ದನ್ನು ತಾವೇ ಬಿಡಿಸಿ ಹೇಳಿದರು. ಮಣ್ಣು ಚೆನ್ನಾಗಿರಬೇಕು, ಬೀಜ ನಮ್ಮ ಕೈಯಲ್ಲಿರಬೇಕು, ನಾಡ ಬೆಳೆಗಳು ಉಳಿಯಬೇಕು. ಜನರನ್ನು ನೆಲದಿಂದ ಎಬ್ಬಿಸುವುದು ಬೇಡ, ದುಡಿಮೆ ಕಸಿಯುವ ಯಂತ್ರ ಬೇಡ, ಗುತ್ತಿಗೆ ಬೇಸಾಯ ಬೇಡ, ಕುಲಾಂತರಿ ಬೇಡ. ಆ ವರದಿ ಬ್ರಿಟನ್ನಿನ ತನಕ ಹೋಗಿ, ಅಲ್ಲಿನ ನೆರವಿನ ಇಲಾಖೆಯನ್ನೂ ಸಂಶೋಧಕರನ್ನೂ ದೊಡ್ಡ ವಾಗ್ವಾದಕ್ಕೆ ಎಳೆಯಿತು. ಯೋಜನೆಯ ಮೌಲ್ಯಮಾಪನವನ್ನು ಅದು ಆರಂಭವಾಗುವ ಮೊದಲೇ, ಅದರ ಪೆಟ್ಟು ತಿನ್ನುವವರಿಂದಲೇ ಮಾಡಿಸಬೇಕು ಎಂದು ತೋರಿಸಿದ್ದು ಈ ಮಂಡಳಿಯ ದೊಡ್ಡ ಕೆಲಸ.

ಮರುವರ್ಷದ ಮುಂಗಾರಿನಲ್ಲಿ ಕುಲಾಂತರಿ ಬಿಟಿ ಹತ್ತಿ ಬಂತು. ಲಾಭ ಬರುತ್ತದೆಂಬ ಬೀಜ ಕಂಪನಿಯ ಮಾತನ್ನು ಸಂಘದ ಹೆಣ್ಣುಮಕ್ಕಳು ಕ್ಯಾಮೆರಾ ಹಿಡಿದು ಪರೀಕ್ಷಿಸಿದರು. ಅಕ್ಷರ ಬಾರದವರೂ ಅವರಲ್ಲಿದ್ದರು. ವಾರಂಗಲ್‌ನ ಅದೇ ರೈತರ ಅದೇ ಹೊಲಗಳಿಗೆ ಬಿತ್ತನೆಯಿಂದ ಕಟಾವಿನ ತನಕ ಮತ್ತೆ ಮತ್ತೆ ಹೋಗಿ ಚಿತ್ರೀಕರಿಸಿದರು. ಕೃಷಿ ಇಲಾಖೆಯಿಂದ ನಿವೃತ್ತರಾದ ಅಬ್ದುಲ್ ಖಯ್ಯೂಮ್ ಮತ್ತು ಕಿರಣ್ ಸಖ್ಖರಿ ಅದೇ ಹಂಗಾಮಿನಲ್ಲಿ ಖರ್ಚು, ಇಳುವರಿಯ ಅಧ್ಯಯನ ನಡೆಸಿದರು. ಮೊಳಕೆಯಲ್ಲಿ ಖುಷಿಯಿಂದ ಮಾತಾಡಿದ ರೈತ ಕೊಯ್ಲಿನ ಹೊತ್ತಿಗೆ ಸಿಟ್ಟಾಗಿದ್ದು ಆ ಚಿತ್ರದಲ್ಲಿದೆ. ಒಂದು ಸಲ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುವ ಸಮೀಕ್ಷೆಗೆ ಇದು ಸಿಗುವುದಿಲ್ಲ.

ಮಾಚನೂರಿನಲ್ಲಿ 2008ರಿಂದ ಸಂಘಂ ರೇಡಿಯೋ ಇದೆ. ಗ್ರಾಮೀಣ ಸಮುದಾಯ ರೇಡಿಯೋಗಳಲ್ಲಿ ದೇಶಕ್ಕೇ ಮೊದಲನೆಯದು, ನಡೆಸುತ್ತ ಬಂದವರು ಊರಿನ ದಲಿತ ಹೆಣ್ಣುಮಕ್ಕಳು. ವರ್ಷವರ್ಷವೂ ಸಂಕ್ರಾಂತಿಯ ಸುಮಾರಿಗೆ ಎತ್ತಿನ ಗಾಡಿಗಳಲ್ಲಿ ಬೀಜ ಹೇರಿಕೊಂಡು ಹಳ್ಳಿಹಳ್ಳಿ ತಿರುಗುವ ಹಳೆ ಬೆಳೆಗಳ ಜಾತ್ರೆ ಹೊರಡುತ್ತದೆ. ಫೆಬ್ರವರಿ ನಡುವಿನ ತನಕ ಅದು ನಡೆಯುತ್ತದೆ. ಬರುವವರಿದ್ದರೆ ಆ ದಿನಗಳಲ್ಲೇ ಬರುವುದು ಒಳ್ಳೆಯದು. ಈ ಎಲ್ಲ ಕೆಲಸಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಇಕ್ವೇಟರ್ ಪ್ರಶಸ್ತಿ ಕೊಟ್ಟಿದೆ.

ಇಷ್ಟೆಲ್ಲ ಇದ್ದೂ ಸೀಮೆಯ ಚಿತ್ರ ಬದಲಾಗುತ್ತಿದೆ. ಮಾಚನೂರಿನ ದಾರಿಯಲ್ಲಿ ಹತ್ತಿಯೂ ಕಬ್ಬೂ ಕಾಣುತ್ತವೆ. ಪಡಿತರದ ಅಕ್ಕಿ ಈಗ ಪುಕ್ಕಟೆ ಬರುತ್ತದೆ, ಅದರೆದುರು ಬೆವರು ಸುರಿಸಿ ಬೆಳೆದ ಜೋಳ ನಿಲ್ಲಬೇಕು. ರೊಟ್ಟಿ ತಟ್ಟುವುದು ಕೆಲಸ, ಅನ್ನಕ್ಕೆ ಇಡುವುದು ಸುಲಭ, ಎಂದು ಹರೆಯದ ಸೊಸೆಯೊಬ್ಬಳು ಹೇಳಿದಾಗ ಅಜ್ಜಿ ಎದುರಾಡಲಿಲ್ಲ. ಹುಡುಗರು ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಮೇಲಾಗಿ ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ಸುಮಾರು 12,600 ಎಕರೆಯಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ ಬರುವ ಯೋಜನೆಯಿದೆ. ಬೀಳಿನಿಂದ ಎಬ್ಬಿಸಿದ 2,675 ಎಕರೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಸಂಕಟವಾಗುತ್ತದೆ. ಕೈಗಾರಿಕೆಯಿಂದ ಎಷ್ಟು ಕೆಲಸ ಹುಟ್ಟುತ್ತದೆ ಎಂಬ ಅಂದಾಜು ಅಂಥ ಯೋಜನೆಗಳ ಕಾಗದದಲ್ಲಿ ತಪ್ಪದೆ ಇರುತ್ತದೆ. ಎಷ್ಟು ರೊಟ್ಟಿ, ಎಷ್ಟು ಮೇವು, ಎಷ್ಟು ಬಗೆಯ ಬೀಜ ಹೋಗುತ್ತದೆ ಎಂಬುದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ.

ಪರ್ಯಾಯ ಪಡಿತರವೂ ಕೊರತೆಯಿಲ್ಲದ್ದಲ್ಲ. ಮೊದಲ ಬಂಡವಾಳ ಹೊರಗಿನಿಂದ ಬರಬೇಕಾಯಿತು. ಬೆನ್ನಿಗೆ ನಿಂತ ಸಂಸ್ಥೆಯೊಂದು ವರ್ಷಗಟ್ಟಲೆ ದುಡಿಯಬೇಕಾಯಿತು. ಅಂಥ ಸಂಸ್ಥೆಯಿಲ್ಲದ ಕಡೆ ಇದನ್ನು ಹಾಗೆಯೇ ನೆಡಬಹುದೆಂದು ನಾನು ಹೇಳಲಾರೆ. ಆದರೆ ಅದರ ವಿಚಾರ ಊರಾಚೆಗೂ ಹಬ್ಬಿತು. ಸಿರಿಧಾನ್ಯಗಳನ್ನು ಪಡಿತರಕ್ಕೆ ಸೇರಿಸಿ ಎಂದು ಡಿಡಿಎಸ್ ಮತ್ತು ಅದು ಕಟ್ಟಿದ ಸಿರಿಧಾನ್ಯ ಜಾಲ ದೇಶದ ಉದ್ದಕ್ಕೂ ಒತ್ತಾಯಿಸಿದವು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ 3 ರೂಪಾಯಿಗೆ, ಗೋಧಿ 2 ರೂಪಾಯಿಗೆ ಎಂಬುದರ ಜೊತೆಗೆ ಒರಟು ಧಾನ್ಯ 1 ರೂಪಾಯಿಗೆ ಎಂಬ ಸಾಲು ಸೇರಿತು.

ಹೊರಡುವ ಮುಂಚೆ ಅಜ್ಜಿ ಕೇಳಿದರು, “ನಿಮ್ಮ ಕಡೆ ರೇಷನ್ನಾಗ ಜೋಳ ಕೊಡ್ತಾರಂತಲ್ಲ, ಖರೇನಾ?” ಹೌದು ಅವ್ವಾ, ಕರ್ನಾಟಕದಲ್ಲಿ ಬೆಂಬಲ ಬೆಲೆಗೆ ರೈತರಿಂದ ಕೊಂಡ ಜೋಳವನ್ನು ಉತ್ತರದ ಜಿಲ್ಲೆಗಳಲ್ಲಿ, ರಾಗಿಯನ್ನು ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರಕ್ಕೆ ಕೊಡುತ್ತಾರೆ ಎಂದೆ. ಅವರಿಗೆ ಸಂತೋಷವಾಯಿತು. ಮರುಕ್ಷಣವೇ ಇನ್ನೂ ಕೇಳಿದರು. ಯಾವ ತಿಂಗಳು ಕೊಡುತ್ತಾರೆ? ಹೈಬ್ರಿಡ್ಡೋ, ಬಿಳಿಜೋಳವೋ? ಯಾವ ಊರಿನ ಜೋಳ ಯಾವ ಊರಿಗೆ ಹೋಗುತ್ತದೆ? ಕೊಡುವ ಮೊದಲು ಊರವರನ್ನು ಕೂಡಿಸಿ ಕೇಳುತ್ತಾರೋ?

ನಮ್ಮ ಆಹಾರ ಇಲಾಖೆಯ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಈ ನಾಲ್ಕು ಪ್ರಶ್ನೆಗಳು ಬರಬೇಕು. ಬೀದರಿನ ಯಾವುದಾದರೂ ಒಂದು ಹೋಬಳಿಯಲ್ಲಿ, ಹತ್ತು ಹಳ್ಳಿಗಳಲ್ಲಾದರೂ ಶುರುಮಾಡಬಹುದು. ಗ್ರಾಮಸಭೆಯಲ್ಲಿ ಹಸಿವಿನ ತಿಂಗಳುಗಳನ್ನು ಊರವರೇ ಗುರುತಿಸಲಿ, ಹತ್ತಿರದ ಹೊಲದ ಬಿಳಿಜೋಳವನ್ನು ಆ ತಿಂಗಳುಗಳಿಗೆಂದೇ ಸೊಸೈಟಿಯ ಗೋದಾಮಿನಲ್ಲಿ ಇಡಲಿ, ಮನೆಗಳ ಪಟ್ಟಿಯನ್ನು ಓಣಿಯ ಹೆಂಗಸರು ಅಂಗಳದಲ್ಲಿ ಕೂತು ತಿದ್ದಲಿ. ಮರುವರ್ಷದ ಆಷಾಢದಲ್ಲಿ ಅದೇ ಹೆಂಗಸರನ್ನೇ ಮತ್ತೆ ಕೂಡಿಸಿ, ಯಾರ ಮನೆಯಲ್ಲಿ ಕಾಳಿತ್ತು, ಯಾರ ಮನೆಯಲ್ಲಿರಲಿಲ್ಲ ಎಂದು ಕೇಳಿ ಬರೆದುಕೊಳ್ಳಲಿ. ಇದಕ್ಕೆ ಬೇಕಾದ ನೆಲ, ಬೆಳೆ, ಸ್ವಸಹಾಯ ಸಂಘಗಳು ನಮ್ಮಲ್ಲಿವೆ. ಮಾಡಿ ತೋರಿಸಿದ ಊರುಗಳು ಬೀದರಿನ ಬಸ್ ನಿಲ್ದಾಣದಿಂದ ಒಂದು ಗಂಟೆಯ ದಾರಿಯಲ್ಲಿವೆ.